ಎರಡು ವರ್ಷದ ಬಳಕೆ: ಹಳೇ ವ್ಯಾಗನ್ ಆರ್ ಒಳಗಿನ ಪ್ಲಾಸ್ಟಿಕ್‌ಗೆ ಹೊಡೆದ ಕಪ್ಪು ಡೈ

ನಮ್ಮದು 2009ರ ವ್ಯಾಗನ್ ಆರ್. ಒಳಗಿನ ಪ್ಲಾಸ್ಟಿಕ್ ಹೊಸದರಲ್ಲಿ ಕೆನೆ ಬಣ್ಣ ಇತ್ತು. ಹದಿನಾಲ್ಕು ವರ್ಷ ಆಗುವ ಹೊತ್ತಿಗೆ ಹಳೇ ಫ್ರಿಜ್ ಬಾಗಿಲಿನ ಹಳದಿಗೆ ಬಂದಿತ್ತು. ಇಂಜಿನ್ ಗಟ್ಟಿ ಇದೆ, ಮಾರಲು ಮನಸ್ಸಿಲ್ಲ. 2023ರ ಜೂನ್‌ನಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಪ್ಲಾಸ್ಟಿಕ್ ಮತ್ತು ವಿನೈಲ್‌ಗೆ ಹೊಡೆಯುವ ಮ್ಯಾಟ್ ಕಪ್ಪು ಡೈ ನಾಲ್ಕು ಡಬ್ಬಿ ತಂದೆ. ಮ್ಯಾಟ್ ಯಾಕೆ ಅಂದರೆ, ಡ್ಯಾಶ್‌ಬೋರ್ಡ್ ಮಿಂಚಿದರೆ ಬಿಸಿಲಲ್ಲಿ ಮುಂದಿನ ಗಾಜಿನ ತುಂಬಾ ಅದರ ನೆರಳೇ ಕಾಣುತ್ತದೆ.

"ಪ್ರೈಮರ್ ಗಿಮರ್ ಏನೂ ಬೇಡ ಸಾರ್, ಡೈರೆಕ್ಟ್ ಹೊಡೀರಿ" ಅಂದರು ಅಂಗಡಿಯವರು. ನಂಬಿದೆ. ಅಲ್ಲೇ ಎಡವಿದ್ದು.

ಡೈ ಅಂದ ಕೂಡಲೇ ತಲೆಗೂದಲಿನ ಡೈ ಥರ ಒಳಗೇ ಇಳಿಯುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಇದೂ ಒಂದು ಪೇಂಟೇ, ತೀರಾ ತೆಳು ಅಷ್ಟೆ. ಅದರಲ್ಲಿರುವ ಸಾಲ್ವೆಂಟ್ ಪ್ಲಾಸ್ಟಿಕ್‌ನ ಮೇಲ್ಪದರವನ್ನು ಒಂಚೂರು ಮೆತ್ತಗೆ ಮಾಡುತ್ತದೆ, ಬಣ್ಣ ಅಲ್ಲಿ ಕಚ್ಚಿಕೊಳ್ಳುತ್ತದೆ. ತೆಳುವಾದ್ದರಿಂದ ಪ್ಲಾಸ್ಟಿಕ್ ಮೇಲಿನ ಚರ್ಮದಂಥ ಗೆರೆಗಳು ಮುಚ್ಚಿಹೋಗುವುದಿಲ್ಲ. ಆದರೆ ಎಲ್ಲ ಪ್ಲಾಸ್ಟಿಕ್ಕೂ ಮೆತ್ತಗಾಗಬೇಕಲ್ಲ! ಭಾಗವನ್ನು ಬಿಚ್ಚಿ ಹಿಂದೆ ತಿರುಗಿಸಿ ನೋಡಿ, ಯಾವ ಬಗೆಯ ಪ್ಲಾಸ್ಟಿಕ್ ಅನ್ನುವುದು ಸಣ್ಣ ಅಕ್ಷರದಲ್ಲಿ ಎಬಿಎಸ್ ಅಂತಲೋ ಪಿಪಿ ಅಂತಲೋ ಅಚ್ಚಾಗಿರುತ್ತದೆ. ಎಬಿಎಸ್ ಆದರೆ ಬಣ್ಣ ಸುಲಭವಾಗಿ ಹಿಡಿಯುತ್ತದೆ. ಪಿಪಿ ಅಂದರೆ ಪಾಲಿಪ್ರೊಪಿಲಿನ್, ಅಡುಗೆಮನೆಯ ಡಬ್ಬಿಗಳಿಗೂ ಬಳಸುವ ಪ್ಲಾಸ್ಟಿಕ್. ಅದಕ್ಕೆ ಸುಮ್ಮನೆ ಏನೂ ಅಂಟುವುದಿಲ್ಲ. ಮೊದಲು ಅಡ್ಹೀಶನ್ ಪ್ರೊಮೋಟರ್ ಅನ್ನುವ ಬಣ್ಣವಿಲ್ಲದ ಸ್ಪ್ರೇ ಒಂದು ಕೋಟ್ ಬೇಕೇ ಬೇಕು.

ನಮ್ಮ ಡೋರ್ ಪ್ಯಾಡ್‌ಗಳು ಪಿಪಿ. ಹಿಂದಿನ ಎರಡಕ್ಕೆ ಪ್ರೊಮೋಟರ್ ಇಲ್ಲದೆಯೇ ಹೊಡೆದಿದ್ದೆ. ಮೊದಲ ದಿನ ಶೋರೂಮ್ ಕಾರಿನ ಹಾಗೆ ಕಂಡಿತು. ಮೂರನೇ ತಿಂಗಳಿಗೆ ಸೀಟ್ ಬೆಲ್ಟ್ ಬಕಲ್ ತಾಗಿದ ಕಡೆ ಒಂದು ಸಿಪ್ಪೆ ಎದ್ದಿತು. ಮಗಳು ಅದನ್ನು ಉಗುರಲ್ಲಿ ಕೆರೆದು ಕೆರೆದು, ದಸರಾ ರಜೆ ಮುಗಿಯುವಷ್ಟರಲ್ಲಿ ಕರ್ನಾಟಕದ ಮ್ಯಾಪ್ ಮಾಡಿಟ್ಟಿದ್ದಳು. ಬೀದರ್ ಕಡೆ ಸ್ವಲ್ಪ ತಪ್ಪಿತ್ತು. ಎಲ್ಲ ಕೆರೆದು, ಪ್ರೊಮೋಟರ್ ತಂದು ಮತ್ತೆ ಹೊಡೆದೆ. ಆಮೇಲೆ ಇವತ್ತಿನವರೆಗೆ ಒಂದು ಸಿಪ್ಪೆಯೂ ಎದ್ದಿಲ್ಲ.

ಹೊಡೆಯುವುದು ಅರ್ಧ ಗಂಟೆಯ ಕೆಲಸ, ತೊಳೆಯುವುದು ಎರಡು ದಿನದ್ದು. ಇಷ್ಟು ವರ್ಷ ಡ್ಯಾಶ್‌ಬೋರ್ಡ್ ಪಾಲಿಶ್ ಅಂತ ಬಳಿದೆವಲ್ಲ, ಅದರಲ್ಲಿ ಸಿಲಿಕೋನ್ ಇರುತ್ತದೆ. ಅದು ಉಳಿದ ಜಾಗದಲ್ಲಿ ಬಣ್ಣ ನಿಲ್ಲದೆ ದುಂಡಗೆ ಸರಿದು ಸಣ್ಣ ಸಣ್ಣ ಕಣ್ಣು ಬಿಡುತ್ತದೆ. ಪೇಂಟರ್‌ಗಳು ಇದಕ್ಕೆ ಫಿಶ್ ಐ ಅನ್ನುತ್ತಾರೆ. ಪಾತ್ರೆ ತೊಳೆಯುವ ಲಿಕ್ವಿಡ್, ಸ್ಕ್ರಬ್ಬರ್, ಗೆರೆಗಳ ಸಂದಿಗೆ ಹಳೇ ಟೂತ್‌ಬ್ರಷ್. ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಿಳಿ ಬಟ್ಟೆಯಲ್ಲಿ ಒರೆಸಬೇಕು, ಬಟ್ಟೆ ಬೆಳ್ಳಗೇ ಉಳಿಯುವವರೆಗೆ. ನಾನು ಹಳೇ ಬನಿಯನ್ ಐದು ಮುಗಿಸಿದೆ.

ಸ್ಪ್ರೇಯನ್ನು ಒಂದು ಗೇಣು ದೂರ ಹಿಡಿಯಿರಿ. ಮೊದಲ ಕೋಟ್ ಧೂಳು ಕೂತ ಹಾಗೆ ಇರಬೇಕು, ಕೆಳಗಿನ ಬಣ್ಣ ಕಾಣುತ್ತಲೇ ಇರಲಿ. ಒಂದೇ ಸಲ ಮುಚ್ಚಲು ಹೋದರೆ ಬಣ್ಣ ಸೋರಿ ಕೆಳಗೆ ಇಳಿಯುತ್ತದೆ. ಹತ್ತು ನಿಮಿಷ ಬಿಟ್ಟು ಇನ್ನೊಂದು, ಹೀಗೆ ನಾಲ್ಕು. ಮಳೆ ಇರುವ ದಿನ ಮಾತ್ರ ಬೇಡ. ಜುಲೈನ ಒಂದು ಜಿಟಿಜಿಟಿ ಭಾನುವಾರ ಹೊಡೆದ ಕನ್ಸೋಲ್ (ಗೇರ್ ಸುತ್ತಿನ ಭಾಗ) ಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಬಂತು. ಗಾಳಿಯ ತೇವ ಬಣ್ಣದೊಳಗೆ ಸಿಕ್ಕಿಕೊಂಡರೆ ಹಾಗಾಗುತ್ತದೆ. ಬಿಸಿಲು ಬಂದ ಮೇಲೆ ಇನ್ನೊಂದು ಕೋಟ್ ಕೊಟ್ಟಾಗ ಸರಿಹೋಯಿತು. ವಾಸನೆ ಒಂದು ವಾರ ಇತ್ತು. ಬಯಲಲ್ಲಿ, ಮಾಸ್ಕ್ ಹಾಕಿಕೊಂಡೇ ಹೊಡೆಯಿರಿ.

ನಮ್ಮದು ಏರ್‌ಬ್ಯಾಗ್ ಇಲ್ಲದ ಮಾಡೆಲ್. ನಿಮ್ಮದರಲ್ಲಿ ಇದ್ದರೆ ಅದರ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಅದು ಬೇಕಾದ ಜಾಗದಲ್ಲೇ ಸೀಳಿ ತೆರೆದುಕೊಳ್ಳುವಂತೆ ಮಾಡಿರುವ ವಸ್ತು.

ಈಗ ಎರಡು ವರ್ಷ ದಾಟಿದೆ. ಪಿಲ್ಲರ್‌ಗಳು (ಗಾಜುಗಳ ನಡುವಿನ ಕಂಬಗಳು), ಎಸಿ ವೆಂಟ್ ಸುತ್ತಿನ ಪಟ್ಟಿ, ಕನ್ಸೋಲ್ ಮೊದಲ ದಿನದ ಹಾಗೇ ಇವೆ. ಎರಡು ಬೇಸಿಗೆ ಬಿಸಿಲಲ್ಲೇ ನಿಂತ ಕಾರು, ಬಣ್ಣ ಮಾಸಿಲ್ಲ. ಕೈ ತಾಗುವ ಕಡೆಯದ್ದು ಬೇರೆ ಕತೆ. ಡ್ರೈವರ್ ಕಡೆಯ ಆರ್ಮ್‌ರೆಸ್ಟ್ ಮಿಂಚಲು ಶುರುವಾಗಿದೆ. ಬಾಗಿಲು ತೆರೆಯುವ ಹಿಡಿಯಲ್ಲಿ, ಹೆಬ್ಬೆರಳು ಕೂರುವ ಅಂಚಿನಲ್ಲಿ, ಉಗುರಿನ ಬುಡದ ಅರ್ಧಚಂದ್ರದಷ್ಟೇ ಕೆನೆ ಬಣ್ಣ ಇಣುಕುತ್ತಿದೆ. ಅಪ್ಪ ಕೊಬ್ಬರಿ ಎಣ್ಣೆ ಹಚ್ಚಿದ ಕೈಯಲ್ಲೇ ಬಾಗಿಲು ತೆರೆಯುತ್ತಾರೆ, ಅದರ ಪಾಲೂ ಇರಬಹುದು. ಎರಡು ಸಲ ಟಚಪ್ ಮಾಡಿದೆ. ಆರು ತಿಂಗಳಿಗೆ ಮತ್ತೆ ಅದೇ ಜಾಗ, ಅದೇ ಚಂದ್ರ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಅಂಕ ಹೋಗಿದ್ದು ನಾಜಲ್‌ಗೆ. ಡಬ್ಬಿ ಮುಗಿಯುತ್ತ ಬಂದ ಹಾಗೆ ಹನಿ ಹನಿ ಉಗುಳುತ್ತದೆ, ಕೊನೆಯ ಕೋಟ್‌ಗೆ ಹೊಸ ಡಬ್ಬಿಯನ್ನೇ ಒಡೆಯಿರಿ. ಹಿಡಿಗೆ ಮಾತ್ರ ಮೂರನೇ ಸಲ ಬಣ್ಣ ಹೊಡೆಯಲಿಲ್ಲ. ಹೋದ ತಿಂಗಳು ಗುಜರಿಯಲ್ಲಿ ಮೂಲದಲ್ಲೇ ಕಪ್ಪಗಿರುವ ಒಂದು ಹಿಡಿ ಸಿಕ್ಕಿತು, ಇನ್ನೂರು ರೂಪಾಯಿ. ಅದನ್ನೇ ಹಾಕಿದ್ದೇನೆ.