ಈ ರೋಮನ್ ನಾಣ್ಯ ನಿಜಕ್ಕೂ ಅಪರೂಪವಾ? ಮೂರು ದಾರಿಯಲ್ಲಿ ಹುಡುಕಿ ನೋಡಿದೆ

ಇಂಗ್ಲೆಂಡಿಗೆ ಬಂದ ಮೇಲೆ ನನಗೆ ರೋಮನ್ ನಾಣ್ಯಗಳ ಹುಚ್ಚು ಹತ್ತಿತು. ಇಲ್ಲಿನ ನಾಣ್ಯ ಮೇಳಗಳಲ್ಲಿ ಎಷ್ಟೋ ಪೊಟ್ಟಣಗಳ ಮೇಲೆ ‘ರೇರ್’ ಅಂತ ಬರೆದಿರುತ್ತಾರೆ. ಅದು ನಿಜವಾ ಅಂತ ನೋಡಲು ನಾನು ಬಳಸಿದ್ದು ಮೂರು: ಆರ್‌ಐಸಿ (ರೋಮನ್ ಇಂಪೀರಿಯಲ್ ಕಾಯಿನೇಜ್) ಎಂಬ ಹಲವು ಸಂಪುಟಗಳ ಪುಸ್ತಕ, ಓಕ್ರೆ ಎಂಬ ಮ್ಯೂಸಿಯಂ ನಾಣ್ಯಗಳ ಆನ್‌ಲೈನ್ ಪಟ್ಟಿ, ಮತ್ತೆ ಹಳೆಯ ಹರಾಜುಗಳ ದಾಖಲೆ.

ಮೊದಲು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದ ಒಂದು ಕಂಚಿನ ನಾಣ್ಯ. ಹೆಬ್ಬೆರಳಿನ ಉಗುರಿನಷ್ಟಿದೆ. ಹಿಂಬದಿಯಲ್ಲಿ ಇಬ್ಬರು ಸೈನಿಕರು, ನಡುವೆ ಎರಡು ಧ್ವಜ, ಸುತ್ತ ‘ಸೈನ್ಯದ ಕೀರ್ತಿ’ ಎಂಬ ಲ್ಯಾಟಿನ್ ಬರಹ. ಕ್ರಿ.ಶ. 330ರಿಂದ 335ರವರೆಗೆ ಇದನ್ನು ರಾಶಿಗಟ್ಟಲೆ ಹೊಡೆದರು. ಸೈನಿಕರ ಕಾಲಡಿಯ ಸಣ್ಣ ಅಕ್ಷರಗಳು ಟಂಕಸಾಲೆಯ ಗುರುತು. ನನ್ನದು ಸಿಸ್ಕಿಯಾದ್ದು, ಅಂದರೆ ಈಗಿನ ಕ್ರೊಯೇಷಿಯಾದ ಸಿಸಾಕ್ ಊರಿನದು.

ಆರ್‌ಐಸಿ ಪುಸ್ತಕ ಇದಕ್ಕೆ ಆರ್4, ಅಂದರೆ ತುಂಬಾ ಅಪರೂಪ, ಅಂತ ಕೊಟ್ಟಿತ್ತು. ಮಾರಿದವರು ಅದನ್ನೇ ತೋರಿಸಿ ಜಾಸ್ತಿ ಬೆಲೆ ಕೇಳಿದ್ದರು. ಆದರೆ ಆ ಸಂಪುಟ ಬಂದಿದ್ದು 1966ರಲ್ಲಿ. ಬರೆದ ಪ್ಯಾಟ್ರಿಕ್ ಬ್ರೂನ್ ತಾವು ನೋಡಿದ ಸಂಗ್ರಹಗಳಲ್ಲಿ ಎರಡು ಮೂರು ಮಾತ್ರ ಸಿಕ್ಕರೆ ಆರ್4 ಅಂದರು. ಅದೂ ಇಡೀ ನಾಣ್ಯಕ್ಕಲ್ಲ, ಕಾಲಡಿಯ ಆ ಒಂದು ಗುರುತಿಗೆ. ಆಮೇಲೆ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವವರು ಹೆಚ್ಚಾದರು. 2010ರಲ್ಲಿ ಇಂಗ್ಲೆಂಡಿನ ಫ್ರೋಮ್ ಬಳಿ ಒಂದೇ ಮಡಕೆಯಲ್ಲಿ 52,503 ರೋಮನ್ ನಾಣ್ಯ ಸಿಕ್ಕವು! ಹಳೇ ಪುಸ್ತಕದ ಲೆಕ್ಕ ಹಾಗೇ ಉಳಿಯುತ್ತಾ?

ಓಕ್ರೆ ನೋಡಿದೆ. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯವರದು, ಪುಕ್ಕಟೆ. ನಾಣ್ಯ ಯಾವುದೆಂದು ಗುರುತಿಸಲು ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಎಷ್ಟು ಅಪರೂಪ ಅನ್ನೋದಕ್ಕೆ ಮಾತ್ರ ನಂಬಲಾರೆ. ಮ್ಯೂಸಿಯಂನವರು ಎಲ್ಲ ಬಗೆಯದೂ ಒಂದೊಂದು ಇರಲಿ ಅಂತ ಕೂಡಿಸುತ್ತಾರೆ. ಹಾಗಾಗಿ ಬೀದಿಯಲ್ಲಿ ಸಿಗುವ ನಾಣ್ಯವೂ ಅಲ್ಲಿ ನಾಲ್ಕೇ ಕಾಣುತ್ತದೆ, ನಿಜವಾಗಿ ವಿರಳವಾದದ್ದೂ ಎರಡು ಕಾಣುತ್ತದೆ.

ನನಗೆ ಹಿಡಿಸಿದ್ದು ಹರಾಜು ದಾಖಲೆ. ಎಸಿಸರ್ಚ್ ಎಂಬ ವೆಬ್‌ಸೈಟಿನಲ್ಲಿ ವರ್ಷಗಟ್ಟಲೆಯ ಮಾರಾಟ, ಫೋಟೋ ಸಮೇತ ಇವೆ. ಫೋಟೋ ಪಕ್ಕ ಪಕ್ಕ ಇಟ್ಟು ನೋಡಲೇಬೇಕು. ಅದೇ ಬಿರುಕು, ಅದೇ ಅಂಚಿನ ಮುರುಕು ಕಂಡರೆ ಅದು ಕೈ ಬದಲಾಯಿಸಿದ ಒಂದೇ ನಾಣ್ಯ, ಎರಡು ಅಂತ ಎಣಿಸಬಾರದು. ಒಂದು ಕೊರತೆಯೂ ಇದೆ: ಅಗ್ಗದ ಕಂಚಿನ ನಾಣ್ಯಗಳನ್ನು ದೊಡ್ಡ ಹರಾಜಿನವರು ಬಿಡಿಯಾಗಿ ಇಡುವುದಿಲ್ಲ, ಗುಂಪಾಗಿ ಮಾರುತ್ತಾರೆ. ಅದಕ್ಕೇ ನಾಲ್ಕು ತಿಂಗಳು ಆನ್‌ಲೈನ್ ಅಂಗಡಿಗಳನ್ನೂ ನೋಡುತ್ತಾ ಹೋದೆ. ನನ್ನದೇ ಗುರುತಿನವು ಆರು ಸಿಕ್ಕವು. ಒಂದಂತೂ ಊಟದ ಬೆಲೆಗೆ.

ಎರಡನೆಯದು ಚಕ್ರವರ್ತಿ ತಿಬೇರಿಯಸ್‌ನ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯ. ಸುಮಾರು 3.7 ಗ್ರಾಂ, ಹಿಂಬದಿಯಲ್ಲಿ ಕೂತ ಹೆಂಗಸು. ಮೂರು ದಾರಿಯೂ ಒಂದೇ ಮಾತು ಹೇಳಿದವು: ಧಾರಾಳವಾಗಿ ಸಿಗುತ್ತದೆ. ಬೆಲೆ ಮಾತ್ರ ಆ ಕಂಚಿನದಕ್ಕಿಂತ ಎಷ್ಟೋ ಪಟ್ಟು. ಬೈಬಲಿನಲ್ಲಿ ಏಸು ತರಿಸಿ ನೋಡಿದ ಕೈಸರನ (ರೋಮನ್ ಚಕ್ರವರ್ತಿಯ) ನಾಣ್ಯ ಇದೇ ಅಂತ ಬಹಳ ಜನ ನಂಬುತ್ತಾರೆ, ಕೇಳುವವರು ಜಾಸ್ತಿ.

ಆ ಬೆಲೆ ಕೊಟ್ಟೇ ತಗೊಂಡೆ. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ತಿಬೇರಿಯಸ್‌ನವೂ ಇದ್ದವು. ನಾನು ಓದಿದ ಶಾಲೆ ಆ ರೈಲು ನಿಲ್ದಾಣದ ಹತ್ತಿರವೇ ಇತ್ತು.