ಸೆಕೆಂಡ್ ಲೈಫ್: ಖಾತೆ ಹೋದರೂ ಲೇಬಲ್ ಹೋಗಲ್ಲ

ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಪ್ಯಾಂಟಿನ ಲೇಬಲ್ ಬಿಚ್ಚಿ ಬೇರೆ ಹೆಸರು ಹೊಲಿಯಬಹುದು. ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಕಲ್ಪಿತ ಲೋಕದಲ್ಲಿ ಅವತಾರಕ್ಕೆಂದು (ಅಲ್ಲಿ ನಮ್ಮ ಪರವಾಗಿ ಓಡಾಡುವ ಗೊಂಬೆಗೆ) ಮಾಡಿದ ಜೀನ್ಸಿಗೆ ಅದು ಆಗದು. ವಸ್ತುವಿನ ಮೇಲೆ ಬಲ ಕ್ಲಿಕ್ ಮಾಡಿ ಎಡಿಟ್ ಒತ್ತಿ, ಜನರಲ್ ಟ್ಯಾಬ್ ನೋಡಿ: ಕ್ರಿಯೇಟರ್, ಓನರ್ ಎಂದು ಎರಡು ಹೆಸರಿರುತ್ತವೆ. ಕೈ ಬದಲಾದಂತೆ ಓನರ್ ಬದಲಾಗುತ್ತದೆ, ಕ್ರಿಯೇಟರ್ ಬದಲಾಗುವುದಿಲ್ಲ. ಮಾಡಿದವರು ಖಾತೆ ರದ್ದು ಮಾಡಿದರೂ ಕೊಂಡವರ ಇನ್ವೆಂಟರಿಯಲ್ಲಿ (ಅವರ ವಸ್ತುಗಳ ಸಂಗ್ರಹದಲ್ಲಿ) ಪ್ಯಾಂಟು ಇರುತ್ತದೆ, ಅದರ ಮೇಲೆ ಅವರ ಹೆಸರೂ ಇರುತ್ತದೆ. ಒಳಗಿನ ಸ್ಕ್ರಿಪ್ಟ್ (ವಸ್ತುವನ್ನು ನಡೆಸುವ ಪುಟ್ಟ ಪ್ರೋಗ್ರಾಂ) ಓಡುತ್ತಲೇ ಇರುವುದರಿಂದ ಬಣ್ಣ ಬದಲಿಸುವ ಗುಂಡಿಯೂ ಕೆಲಸ ಮಾಡುತ್ತದೆ. ಹೊರಗಿನ ಸರ್ವರನ್ನು ನೆಚ್ಚಿದ ಸ್ಕ್ರಿಪ್ಟ್ ಮಾತ್ರ ಆ ಸರ್ವರ್ ನಿಂತ ದಿನ ನಿಲ್ಲುತ್ತದೆ.

ತಯಾರಕರಿಗೆ ಇದು ನ್ಯಾಯವಾದ ಏರ್ಪಾಡು. ಗುರುತೇ ಇಲ್ಲದಂತೆ ಹೊರಟುಹೋಗಬೇಕು ಎನ್ನುವವರಿಗೆ ಅಲ್ಲ. ರದ್ದಾದ ಖಾತೆಯ ಹೆಸರನ್ನು ಮತ್ತೊಬ್ಬರಿಗೆ ಕೊಡುವುದೂ ಇಲ್ಲ. ಅದು ನಿಮ್ಮ ಗುರುತಾಗಿಯೇ ಉಳಿಯುತ್ತದೆ, ಆದ್ದರಿಂದ ಸ್ವಂತ ಹೆಸರಿಗೆ ರಾಯಚೂರೋ ಗಂಗಾವತಿಯೋ ಅಂಟಿಸಿ ಖಾತೆ ತೆರೆಯಬೇಡಿ.

ಹಣ ಕಟ್ಟುವ ಪ್ರೀಮಿಯಂ ಸದಸ್ಯತ್ವ ಬಿಟ್ಟು ಉಚಿತ ಬೇಸಿಕ್‌ಗೆ ಇಳಿಯುವುದು ಬೇರೆ, ಖಾತೆ ರದ್ದು ಮಾಡುವುದು ಬೇರೆ. ತಿಂಗಳ ಖರ್ಚಷ್ಟೇ ಭಾರವಾಗಿದ್ದರೆ ಮೊದಲನೆಯದು ಸಾಕು. ಇನ್ವೆಂಟರಿಯೂ ಗೆಳೆಯರ ಪಟ್ಟಿಯೂ ಉಳಿಯುತ್ತವೆ. ಆದರೆ ಪ್ರೀಮಿಯಂ ಜೊತೆ ಬರುವ 1,024 ಚದರ ಮೀಟರ್ ಲೆಕ್ಕದಲ್ಲಿ ಮೇನ್‌ಲ್ಯಾಂಡ್ (ಕಂಪನಿಯೇ ನಡೆಸುವ ಭೂಭಾಗ) ಜಾಗ ಹಿಡಿದಿದ್ದರೆ ಅದನ್ನು ಮೊದಲೇ ಮಾರಬೇಕು, ಇಲ್ಲವೇ ಬಿಟ್ಟುಕೊಡಬೇಕು.

ಪೂರ್ತಿ ರದ್ದು ಮಾಡುವವರು ಎಲ್ಲವನ್ನೂ ಒಳಗಿದ್ದಾಗಲೇ ಮುಗಿಸಬೇಕು, ಆಮೇಲೆ ಲಾಗಿನ್ ಇರುವುದಿಲ್ಲ. ಪ್ರೊಫೈಲಿನ ಪರಿಚಯ, ಫೋಟೋ, ಫಸ್ಟ್ ಲೈಫ್ (ನಿಜ ಜೀವನದ ವಿವರ) ಭಾಗ, ಪಿಕ್ಸ್ (ಮೆಚ್ಚಿದ ಜಾಗಗಳ ಪಟ್ಟಿ) ಖಾಲಿ ಮಾಡಿ. ಪಾರ್ಟ್ನರ್ ಹೆಸರು ತೆಗೆಯಲು 25 ಲಿಂಡೆನ್ ಡಾಲರ್ (ಅಲ್ಲಿನ ನಾಣ್ಯ) ಬೇಕು, ಹಾಗಾಗಿ ಉಳಿದ ಹಣವನ್ನು ಹೊರತೆಗೆಯುವ ಮೊದಲೇ ಆ ಕೆಲಸ ಮಾಡಿ.

ಜನ ಮರೆಯುವುದು ಬೇರೆಯವರ ಜಾಗದಲ್ಲಿ ಇಟ್ಟ ವಸ್ತುಗಳನ್ನು. ಆಟೋ ರಿಟರ್ನ್ (ಬೇರೆಯವರ ವಸ್ತುವನ್ನು ತಾನಾಗಿ ಹಿಂದಿರುಗಿಸುವ ಏರ್ಪಾಡು) ಇಲ್ಲದ ಜಾಗದಲ್ಲಿ ಮೇಜು, ದೀಪ, ಮಾರಾಟದ ಪೆಟ್ಟಿಗೆ ವರ್ಷಗಟ್ಟಲೆ ಹಾಗೇ ನಿಂತಿರುತ್ತವೆ, ಓನರ್ ಸಾಲಿನಲ್ಲಿ ಹೋದವರ ಹೆಸರು ಹೊತ್ತು. ಹೋಗಿ ಒಂದೊಂದಾಗಿ ಟೇಕ್ ಮಾಡಿಕೊಳ್ಳಿ. ವಸ್ತು ಇಟ್ಟವರು ಆಗಲೇ ಹೋಗಿಬಿಟ್ಟಿದ್ದರೆ ಜಾಗದ ಒಡೆಯರು ಅಬೌಟ್ ಲ್ಯಾಂಡ್ ತೆರೆದು, ಆಬ್ಜೆಕ್ಟ್ಸ್ ಟ್ಯಾಬಿನ ಓನರ್‌ಗಳ ಪಟ್ಟಿಯಲ್ಲಿ ಆ ಹೆಸರು ಆರಿಸಿ ರಿಟರ್ನ್ ಒತ್ತಬಹುದು.

ಗುಂಪಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಓನರ್ ಸ್ಥಾನದಲ್ಲಿ ಒಬ್ಬರೇ ಇದ್ದು ಅವರೇ ಹೋದರೆ, ಉಳಿದವರು ಯಾರನ್ನೂ ಆ ಸ್ಥಾನಕ್ಕೆ ಏರಿಸಲಾರರು. ಹೊರಡುವ ಮುಂಚೆ ನಂಬಿಕೆಯ ಒಬ್ಬರನ್ನು ಓನರ್ ಮಾಡಿ. ಗುಂಪಿನ ಜಾಗಕ್ಕೆ ಕೊಟ್ಟಿದ್ದ ಟಿಯರ್ (ಜಾಗ ಹಿಡಿಯುವ ಮಿತಿ) ಪಾಲು ಖಾತೆಯೊಂದಿಗೇ ಹೋಗುತ್ತದೆ. ಆ ಕೊರತೆ ತುಂಬುವವರು ಯಾರು ಎಂದು ಮೊದಲೇ ಮಾತಾಡಿಕೊಳ್ಳಿ. ಇಬ್ಬರೇ ಇದ್ದ ಗುಂಪಿನಿಂದ ಒಬ್ಬರು ಹೊರಬಂದರೆ 48 ಗಂಟೆಯಲ್ಲಿ ಗುಂಪೇ ಇಲ್ಲವಾಗುತ್ತದೆ.

ಇನ್ನು ಮಾತುಕತೆ. ವ್ಯೂವರ್ (ಸೆಕೆಂಡ್ ಲೈಫ್ ತೆರೆಯುವ ತಂತ್ರಾಂಶ) ಚಾಟ್ ಲಾಗನ್ನು ಆಯಾ ಬಳಕೆದಾರರ ಕಂಪ್ಯೂಟರಿನಲ್ಲೇ ಪಠ್ಯ ಕಡತವಾಗಿ ಉಳಿಸುತ್ತದೆ. ನಿಮ್ಮ ಖಾತೆ ರದ್ದಾದರೂ ಎದುರಿನವರ ಹಾರ್ಡ್ ಡಿಸ್ಕಿನಲ್ಲಿ ನೀವು ಬರೆದದ್ದು ಇರುತ್ತದೆ. ಅದನ್ನು ಅಳಿಸಬಲ್ಲವರು ಅವರೊಬ್ಬರೇ.