ಹೈಡ್ರೋಜನ್ ನೀರಿನ ಬಾಟಲಿ: ಬಿಸಿನೀರು ಕುಡಿಯುವವರು ಓದಿ ಆಮೇಲೆ ಕೊಳ್ಳಿ

ಕರೆಂಟಿನಿಂದ ನೀರನ್ನು ಒಡೆದು, ಬರುವ ಹೈಡ್ರೋಜನ್ ಅನಿಲವನ್ನು ಕುಡಿಯುವ ನೀರಿನಲ್ಲೇ ಕರಗಿಸುವ ಬಾಟಲಿ ಇದು. ಬಾಟಲಿ ಚೆನ್ನಾಗಿಯೇ ಇದೆ. ಆದರೆ ಡಬ್ಬದ ಮೇಲಿರುವ ‘ಬಿಸಿನೀರಿಗೂ ಆಗುತ್ತದೆ’ ಅನ್ನುವ ಮಾತು ಅರ್ಧ ಮಾತ್ರ ನಿಜ. ನಮ್ಮ ಅತ್ತೆಯವರು ತಣ್ಣೀರು ಮುಟ್ಟುವುದೇ ಇಲ್ಲ, ಅವರಿಗೆಂದೇ ತರಿಸಿದ್ದು. ನಾನು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡಿದವಳು, ಅಳೆದು ನೋಡದೆ ಸಮಾಧಾನ ಆಗುವುದಿಲ್ಲ.

ಗುಂಡಿ ಒತ್ತಿದರೆ ತಳದ ತಟ್ಟೆಯಿಂದ ಸಣ್ಣ ಸಣ್ಣ ಗುಳ್ಳೆ ಎದ್ದು ನೀರೆಲ್ಲ ಬೆಳ್ಳಗಾಗುತ್ತದೆ. ಒಳಗೆ ಎರಡೂ ಅನಿಲಗಳನ್ನು ಬೇರೆ ಬೇರೆ ಇಡುವ ತೆಳು ಪೊರೆ (ಮೆಂಬ್ರೇನ್) ಇದೆ. ಆಕ್ಸಿಜನ್ ಕೆಳಗಿನ ತೂತಿನಿಂದ ಹೊರಗೆ ಹೋಗುತ್ತದೆ, ಹೈಡ್ರೋಜನ್ ನೀರಿನಲ್ಲಿ ಉಳಿಯುತ್ತದೆ. ನಲ್ಲಿ ನೀರು ಹಾಕಿದರೂ ಕ್ಲೋರಿನ್ ವಾಸನೆ ಬರಲಿಲ್ಲ. ಇಷ್ಟಕ್ಕೆ ಪೂರ್ತಿ ಮಾರ್ಕ್ಸ್.

ಅಳೆಯಲು ಪ್ಲಾಟಿನಂ ಬೆರೆಸಿದ ಮಿಥಿಲೀನ್ ಬ್ಲೂ ಹನಿ ಬಳಸಿದೆ. ಇದು ನೀಲಿ ಬಣ್ಣ, ಕರಗಿದ ಹೈಡ್ರೋಜನ್ ಸಿಕ್ಕರೆ ಬಣ್ಣ ಕಳೆದುಕೊಳ್ಳುತ್ತದೆ. 6 ಎಂ.ಎಲ್. ನೀರಿಗೆ ಒಂದೊಂದೇ ಹನಿ ಬಿಡಬೇಕು. ನೀಲಿ ಮಾಯವಾದ ಪ್ರತಿ ಹನಿಗೆ ಲೀಟರಿಗೆ 0.1 ಮಿಲಿಗ್ರಾಂ ಹೈಡ್ರೋಜನ್ ಎಂದು ಲೆಕ್ಕ. ಕೊಡದ ನೀರಿನಲ್ಲಿ 9 ಹನಿ ಬಣ್ಣ ಕಳೆದುಕೊಂಡವು. ಬೆಚ್ಚಗಿನ ನೀರಿನಲ್ಲಿ, ಬಾಟಲಿಯಿಂದ ತೆಗೆದ ತಕ್ಷಣ, 7. ಪರವಾಗಿಲ್ಲ ಅಲ್ವಾ? ಆದರೆ ಅದೇ ಬೆಚ್ಚಗಿನ ನೀರನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ ಅರ್ಧ ಗಂಟೆ ಬಿಟ್ಟು ನೋಡಿದರೆ, ಎರಡನೇ ಹನಿಗೇ ನೀಲಿ ಹಾಗೇ ನಿಂತಿತು.

ಬಿಸಿನೀರಿನಲ್ಲಿ ಹೈಡ್ರೋಜನ್ ಕರಗುವುದೇ ಇಲ್ಲ ಅಂತೇನಿಲ್ಲ. ನೀರಿನ ಮೇಲೆ ಗಾಳಿಯ ಬದಲು ಪೂರ್ತಿ ಹೈಡ್ರೋಜನ್ನೇ ತುಂಬಿದ್ದರೆ, ಸಾಮಾನ್ಯ ಒತ್ತಡದಲ್ಲಿ, 25 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 1.6 ಮಿಲಿಗ್ರಾಂ ಕರಗುತ್ತದೆ. 50 ಡಿಗ್ರಿಗೆ ಹೋದರೂ ಇದು ಸ್ವಲ್ಪವೇ ಇಳಿಯುತ್ತದೆ. ಕಷ್ಟ ಇರುವುದು ಮುಚ್ಚಳ ತೆಗೆದ ಮೇಲೆ. ನಾವು ಉಸಿರಾಡುವ ಗಾಳಿಯಲ್ಲಿ ಹೈಡ್ರೋಜನ್ ಹತ್ತು ಲಕ್ಷಕ್ಕೆ ಅರ್ಧ ಪಾಲು ಅಷ್ಟೇ. ಹಾಗಾಗಿ ತೆರೆದ ಪಾತ್ರೆಯಿಂದ ಅದು ಹೋಗಿಯೇ ತೀರುತ್ತದೆ. ನೀರು ಬೆಚ್ಚಗಿದ್ದರೆ ಇನ್ನೂ ಬೇಗ, ಏಕೆಂದರೆ ಅಣುಗಳ ಓಡಾಟ ಜಾಸ್ತಿ, ನೀರೂ ಒಳಗೊಳಗೇ ಮೇಲೆ ಕೆಳಗೆ ತಿರುಗುತ್ತಿರುತ್ತದೆ. ಕುದಿಸಿದರಂತೂ ಏನೂ ಉಳಿಯುವುದಿಲ್ಲ, ಆವಿಯ ಗುಳ್ಳೆಗಳೇ ಎತ್ತಿಕೊಂಡು ಹೋಗುತ್ತವೆ.

ಇಷ್ಟೆಲ್ಲ ಇದ್ದೂ ಜೊತೆಗೆ ಬಂದ ಪುಸ್ತಕದಲ್ಲಿ ‘ಬಿಸಿನೀರು ಮಾಡಿ ಫ್ಲಾಸ್ಕಿಗೆ ಹಾಕಿಟ್ಟು ದಿನವಿಡೀ ಕುಡಿಯಿರಿ’ ಎಂದು ಬರೆದಿದ್ದಾರೆ. ಇದಕ್ಕೇ ನನಗೆ ಸಿಟ್ಟು ಬಂದದ್ದು. ಸುರಿಯುವಾಗ ಒಂದಿಷ್ಟು ಹೋಯಿತು, ಪ್ರತಿ ಸಲ ಮುಚ್ಚಳ ತೆಗೆದಾಗ ಇನ್ನೊಂದಿಷ್ಟು. ಸಂಜೆಗೆ ಉಳಿಯುವುದು ಬರೀ ಬಿಸಿನೀರು. ಕಂಪನಿಗೆ ಫೋನ್ ಮಾಡಿ ಕೇಳಿದರೆ ಟಿಡಿಎಸ್ ಮೀಟರ್ ಇಟ್ಟು ನೋಡಿ ಅಂದರು! ಟಿಡಿಎಸ್ ಮೀಟರ್ ತೋರಿಸುವುದು ಉಪ್ಪಿನಂಶವನ್ನು. ಕರಗಿದ ಹೈಡ್ರೋಜನ್ ಅದಕ್ಕೆ ಕಾಣುವುದೇ ಇಲ್ಲ. ವಯಸ್ಸಾದವರು ನಂಬಿ ದುಡ್ಡು ಕೊಟ್ಟಿರುತ್ತಾರೆ, ಸರಿಯಾದ ಉತ್ತರ ಕೊಡಬೇಕು.

ಕಾಯಿಲೆ ವಾಸಿಯಾಗುತ್ತದೆ ಎಂದು ತಗೋಬೇಡಿ, ಔಷಧಿಯನ್ನಂತೂ ಬಿಡಲೇಬೇಡಿ. ಈಗಾಗಲೇ ಕೊಂಡವರು ನೀರನ್ನು ಮೊದಲೇ ಬೆಚ್ಚಗೆ ಮಾಡಿಕೊಳ್ಳಿ, ಕೈಗೆ ತಡೆಯುವಷ್ಟು ಸಾಕು. ಆಮೇಲೆ ಗುರುತಿನವರೆಗೆ ತುಂಬಿ, ಮುಚ್ಚಳ ಬಿಗಿದು ಗುಂಡಿ ಒತ್ತಿ. ಮುಗಿದ ಕೂಡಲೇ ಬಾಟಲಿಯಿಂದಲೇ ಕುಡಿದುಬಿಡಿ.

ತಣ್ಣೀರು ಕುಡಿಯುವವರಿಗೆ 5ಕ್ಕೆ 4 ಸ್ಟಾರ್, ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಟುಕೊಳ್ಳುವವರಿಗೆ 1.